ಓರೆಗಾನ್ ಹಾದಿಯಲ್ಲಿ ಎತ್ತು, ಹಿಟ್ಟು, ಆಮಶಂಕೆ

ಅಮೆರಿಕದಲ್ಲಿ ಶಾಲೆ ಕಲಿತು ಈಗ ನಲವತ್ತರ ಆಸುಪಾಸಿನಲ್ಲಿರುವವರಿಗೆ ‘ನೀನು ಆಮಶಂಕೆಯಿಂದ ಸತ್ತೆ’ ಎಂದು ಹೇಳಿ ನೋಡಿ. ಅವರಲ್ಲಿ ಹೆಚ್ಚಿನವರು ಗಾಬರಿಯಾಗುವ ಬದಲು ನಕ್ಕುಬಿಡುತ್ತಾರೆ. ಈ ವಾಕ್ಯವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗುವವರೂ ಇದ್ದಾರೆ. ರೋಗ, ಸಾವು ಎರಡೂ ಸೇರಿಕೊಂಡಿರುವ ಇಂಥ ಮಾತು ಒಂದಿಡೀ ತಲೆಮಾರಿನ ಬಾಲ್ಯದ ಸಿಹಿನೆನಪಾಗಿ ಉಳಿದಿರುವುದು ವಿಚಿತ್ರವೇ ಸರಿ. ಕಾರಣ ಒಂದು ಕಂಪ್ಯೂಟರ್ ಆಟ. ಅದರ ಹೆಸರು ‘ಓರೆಗಾನ್ ಟ್ರೇಲ್’, ಅಂದರೆ ಓರೆಗಾನ್ ಹಾದಿ. 1970-80ರ ದಶಕಗಳಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಲ್ಲೂ ಎಷ್ಟೋ ಮಂದಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇದನ್ನು ಆಡಿಯೇ ಬೆಳೆದವರು.

ಆಟದ ಕಥೆ ಸರಳ. ಹತ್ತೊಂಬತ್ತನೆಯ ಶತಮಾನದ ನಡುಭಾಗ. ನೀವು ಐದು ಜನರ ಒಂದು ತಂಡದ ಯಜಮಾನರು. ಅಮೆರಿಕದ ನಡುನಾಡಿನ ಮಿಸ್ಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನಿಂದ ಎತ್ತಿನ ಬಂಡಿ ಕಟ್ಟಿಕೊಂಡು ಎರಡು ಸಾವಿರ ಮೈಲಿಗಳಾಚೆ, ಪಶ್ಚಿಮ ಕರಾವಳಿಯ ಓರೆಗಾನ್ ಸೀಮೆಗೆ ಹೊರಟಿದ್ದೀರಿ. ಬಾಸ್ಟನ್ನಿನ ಬ್ಯಾಂಕರ್ ಆಗಿ ಹೊರಟರೆ ಕೈಯಲ್ಲಿ 1,600 ಡಾಲರ್ ಇರುತ್ತದೆ, ಒಹಾಯೊದ ಬಡಗಿಯಾದರೆ 800, ಇಲಿನಾಯ್‌ನ ರೈತನಾದರೆ ಬರೀ 400. ಆ ದುಡ್ಡಿನಲ್ಲಿ ಎತ್ತು, ಆಹಾರ, ಬಟ್ಟೆ, ಗುಂಡು, ಗಾಲಿ-ಅಚ್ಚುಗಳ ಬಿಡಿಭಾಗ ಎಲ್ಲವನ್ನೂ ಕೊಳ್ಳಬೇಕು. ಗುರಿ ಮುಟ್ಟಿದರೆ ರೈತನಿಗೆ ಮೂರು ಪಟ್ಟು ಅಂಕ. ಬಡವನ ಪ್ರಯಾಣಕ್ಕೆ ಹೆಚ್ಚು ಬೆಲೆ ಕಟ್ಟಿದ ಆಟ ಇದು!

ಯಾವ ತಿಂಗಳು ಹೊರಡಬೇಕು ಎಂಬುದೇ ಮೊದಲ ಪರೀಕ್ಷೆ. ಮಾರ್ಚಿನಲ್ಲೇ ಹೊರಟರೆ ಎತ್ತುಗಳಿಗೆ ಹುಲ್ಲು ಚಿಗುರಿರುವುದಿಲ್ಲ. ಜುಲೈತನಕ ಕಾದರೆ ಪಶ್ಚಿಮದ ಬೆಟ್ಟಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಆಮೇಲೆ ಬಂಡಿಯ ವೇಗ ಎಷ್ಟಿರಬೇಕು, ದಿನಕ್ಕೆ ಹೊಟ್ಟೆ ತುಂಬ ಊಟವೋ ಅರೆಹೊಟ್ಟೆಯೋ ಎಂದು ತೀರ್ಮಾನಿಸಬೇಕು. ನದಿ ಅಡ್ಡ ಬಂದರೆ ನೀರಿನಲ್ಲೇ ಬಂಡಿ ಇಳಿಸುವುದೇ, ಬಿರುಕುಗಳನ್ನು ಮುಚ್ಚಿ ಬಂಡಿಯನ್ನೇ ದೋಣಿಯಂತೆ ತೇಲಿಸುವುದೇ, ಅಂಬಿಗನಿಗೆ ದುಡ್ಡು ಕೊಡುವುದೇ, ಮಳೆ ಇಳಿಯುವತನಕ ಕಾಯುವುದೇ? ದುಡ್ಡು ಉಳಿಸಲು ಹೋಗಿ ನೀರಿಗಿಳಿದರೆ ಒಮ್ಮೊಮ್ಮೆ ಎರಡು ಎತ್ತು, ಹಿಟ್ಟಿನ ಮೂಟೆ, ಒಬ್ಬ ಮಗ ಹೊಳೆಯ ಪಾಲು. ಬೇಟೆಗೆ ಹೋಗಿ ದೊಡ್ಡ ಕಾಡೆಮ್ಮೆಯನ್ನೇ ಹೊಡೆದು ಕೆಡವಿದರೂ ಬಂಡಿಗೆ ಹೊತ್ತು ತರಲು ಸಾಧ್ಯವಾಗುವುದು ನೂರು ಪೌಂಡ್ ಮಾಂಸ ಮಾತ್ರ. ಉಳಿದದ್ದು ಬಯಲಲ್ಲೇ ಕೊಳೆಯಬೇಕು.

ಇಷ್ಟರಲ್ಲಿ ಮಕ್ಕಳನ್ನು ಮರುಳು ಮಾಡುವಂಥದ್ದು ಏನಿದೆ ಎಂದು ಕೇಳಬಹುದು. ನಮ್ಮ ಚೌಕಾಬಾರವನ್ನು ನೆನಪಿಸಿಕೊಳ್ಳಿ. ಅಲ್ಲಿ ಕವಡೆ ಹೇಳಿದಂತೆ ಕಾಯಿ ನಡೆಯುತ್ತದೆ, ನಡುವೆ ಎದುರಾಳಿ ಕಡಿಯುತ್ತಾನೆ, ತಪ್ಪಿಸಿಕೊಂಡು ಮನೆ ಸೇರಿದರೆ ಕಾಯಿ ಹಣ್ಣಾಗುತ್ತದೆ. ಓರೆಗಾನ್ ಆಟದಲ್ಲಿಯೂ ಕವಡೆ ಇದೆ, ದಾರಿ ಇದೆ, ಕೊನೆಗೆ ಸೇರಬೇಕಾದ ಮನೆಯೂ ಇದೆ. ಕಡಿಯುವ ಎದುರಾಳಿ ಮಾತ್ರ ಇಲ್ಲ. ಕೊಲ್ಲುವುದು ಕೆಟ್ಟ ನೀರು, ಮುರಿದ ಅಚ್ಚು, ಮುಗಿದ ಹಿಟ್ಟು, ತಡವಾಗಿ ಹೊರಟ ತಿಂಗಳು. ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕಿ ಹೊರಟವರೂ ಸಾಯುತ್ತಾರೆ. ಪೆದ್ದು ಪೆದ್ದಾಗಿ ಹೊರಟವರು ಕೆಲವೊಮ್ಮೆ ತಲುಪಿಬಿಡುತ್ತಾರೆ. ದುಷ್ಟರನ್ನು ಹೊಡೆದು ಗೆಲ್ಲುವ ಆಟಗಳು ಮಕ್ಕಳಿಗೆ ಬೇಕಷ್ಟು ಸಿಗುತ್ತಿದ್ದವು. ಬದುಕು ಹೀಗೂ ಇರುತ್ತದೆ, ಯಾರ ತಪ್ಪೂ ಇಲ್ಲದೆ ತಮ್ಮನೊಬ್ಬ ಸಾಯಬಹುದು ಎಂದು ಹೇಳಿದ ಆಟ ಅವರಿಗೆ ಅಪರೂಪವಾಗಿತ್ತು. ಅದರ ಸೆಳೆತ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಆಟ ಹುಟ್ಟಿದ ಬಗೆಯೂ ಸ್ವಾರಸ್ಯಕರ. ಅದು 1971. ಮಿನ್ನೆಸೋಟ ರಾಜ್ಯದ ಕಾರ್ಲ್‌ಟನ್ ಕಾಲೇಜಿನ ಮೂವರು ವಿದ್ಯಾರ್ಥಿಗಳು ಶಿಕ್ಷಕ ತರಬೇತಿಗಾಗಿ ಮಿನ್ನಿಯಾಪೊಲಿಸ್ ನಗರದ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದರು. ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದರು. ಡಾನ್ ರಾವಿಚ್ ಇತಿಹಾಸದ ಮೇಷ್ಟ್ರು. ಬಿಲ್ ಹೈನೆಮನ್ ಮತ್ತು ಪಾಲ್ ಡಿಲನ್‌ಬರ್ಗರ್ ಗಣಿತದವರು. ಎಂಟನೆಯ ತರಗತಿಗೆ ಪಶ್ಚಿಮದ ವಲಸೆಯ ಪಾಠ ಮಾಡಬೇಕಾಗಿದ್ದ ರಾವಿಚ್ ಉದ್ದನೆಯ ಕಾಗದದ ಮೇಲೆ ನಕ್ಷೆ ಬರೆದು, ದಾಳ ಉರುಳಿಸಿ ಆಡುವ ಆಟವೊಂದನ್ನು ಯೋಚಿಸಿದ್ದರು. ಅದನ್ನು ಕಂಡ ಗೆಳೆಯರು ‘ಇದನ್ನು ಕಂಪ್ಯೂಟರಿಗೆ ಹಾಕಬಹುದಲ್ಲ’ ಎಂದರು. ಪಾಠ ಶುರುವಾಗಲು ಇದ್ದದ್ದು ಎರಡು ವಾರ. ಅಷ್ಟರಲ್ಲೇ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಮುಗಿಸಿದರು. 1971ರ ಡಿಸೆಂಬರ್ 3ರಂದು ಮಕ್ಕಳು ಅದನ್ನು ಮೊದಲ ಸಲ ಆಡಿದರು.

ಕಂಪ್ಯೂಟರ್ ಎಂದೊಡನೆ ಪರದೆ, ಚಿತ್ರ, ಬಣ್ಣಗಳನ್ನು ಕಲ್ಪಿಸಿಕೊಳ್ಳಬೇಡಿ. ಯಂತ್ರ ಇದ್ದದ್ದು ಎಲ್ಲೋ ದೂರದಲ್ಲಿ. ಹಲವು ಶಾಲೆಗಳು ದೂರವಾಣಿ ತಂತಿಯ ಮೂಲಕ ಅದನ್ನು ಹಂಚಿಕೊಳ್ಳುತ್ತಿದ್ದವು. ತರಗತಿಯಲ್ಲಿ ಇದ್ದದ್ದು ಒಂದೇ ಒಂದು ಟೆಲಿಪ್ರಿಂಟರ್. ಹಳೆಯ ಕಾಲದ ಪತ್ರಿಕಾ ಕಚೇರಿಗಳಲ್ಲಿ ಕಟಕಟ ಸದ್ದು ಮಾಡುತ್ತಾ ಸುದ್ದಿ ಉಗುಳುತ್ತಿತ್ತಲ್ಲ, ಅಂಥದೇ ಯಂತ್ರ. ಮಕ್ಕಳು ಉತ್ತರ ಒತ್ತಿದರೆ ಅದು ಕಾಗದದ ಸುರುಳಿಯ ಮೇಲೆ ನಿಧಾನವಾಗಿ ವಿಧಿಯನ್ನು ಅಚ್ಚು ಮಾಡುತ್ತಿತ್ತು. ಒಂದೊಂದು ಸುತ್ತಿಗೆ ಎರಡು ವಾರದ ಪ್ರಯಾಣ. ಬೇಟೆಯಾಡಬೇಕೆಂದರೆ ಬಂದೂಕಿನ ಸದ್ದನ್ನು ಸೂಚಿಸುವ ‘ಬ್ಯಾಂಗ್’ ಎಂಬ ಪದವನ್ನು ತಪ್ಪಿಲ್ಲದೆ ಬೇಗ ಬೆರಳಚ್ಚು ಮಾಡಬೇಕು. ತಡವಾದರೆ ಜಿಂಕೆ ಓಡಿತು, ಅಕ್ಷರ ತಪ್ಪಿದರೆ ಗುರಿ ತಪ್ಪಿತು.

ಒಂದೇ ಯಂತ್ರ, ತರಗತಿ ತುಂಬ ಮಕ್ಕಳು. ಹೀಗಾಗಿ ಅವರು ಗುಂಪು ಕಟ್ಟಿಕೊಂಡರು. ಬೆರಳು ಚುರುಕಾಗಿದ್ದವರು ಬೇಟೆಗಾರರಾದರು. ಲೆಕ್ಕ ಬಲ್ಲವರು ದುಡ್ಡು-ದಿನಸಿ ನೋಡಿಕೊಂಡರು. ಇನ್ನೊಬ್ಬರು ನಕ್ಷೆ ಹಿಡಿದು ಬಂಡಿ ಎಲ್ಲಿಗೆ ಬಂತೆಂದು ಗುರುತು ಹಾಕಿದರು. ಯಾರೂ ಹೇಳಿಕೊಡದೆ ತರಗತಿಯೇ ಒಂದು ಬಂಡಿಸಾಲು ಆಗಿಬಿಟ್ಟಿತು. ಶಾಲೆ ಶುರುವಾಗುವ ಮುಂಚೆ, ಬಿಟ್ಟ ಮೇಲೆ ಆ ಟೆಲಿಪ್ರಿಂಟರಿನ ಮುಂದೆ ಸಾಲು ನಿಲ್ಲುತ್ತಿತ್ತು. ಆಟದ ಮುದ್ರಿತ ಪ್ರತಿಯಲ್ಲಿ ಕಂಡುಬರುವ ತಮಾಷೆಯನ್ನೂ ಇಲ್ಲಿ ಹೇಳಬೇಕು. ನೀವು ಸತ್ತರೆ ಯಂತ್ರವು ‘ಪಾದ್ರಿ ಬೇಕೆ? ಅದ್ಧೂರಿ ಅಂತ್ಯಕ್ರಿಯೆ ಬೇಕೆ? ಬಂಧುಗಳಿಗೆ ತಿಳಿಸಬೇಕೆ?’ ಎಂದು ಒಂದೊಂದಾಗಿ ಕೇಳುತ್ತದೆ. ಕೊನೆಯದಕ್ಕೆ ಬೇಡವೆಂದರೆ, ಸೇಂಟ್ ಲೂಯಿಯ ನಿಮ್ಮ ಸ್ಯಾಡಿ ಚಿಕ್ಕಮ್ಮ ತುಂಬ ಚಿಂತೆಯಲ್ಲಿದ್ದಾಳೆ ಎಂದು ಆಕ್ಷೇಪಿಸುತ್ತದೆ.

ತರಬೇತಿಯ ಅವಧಿ ಮುಗಿಯಿತು. ರಾವಿಚ್ ಪ್ರೋಗ್ರಾಮಿನ ಮುದ್ರಿತ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು ಯಂತ್ರದಲ್ಲಿದ್ದುದನ್ನು ಅಳಿಸಿ ಹಾಕಿದರು. ಆಟ ಅಲ್ಲಿಗೇ ಮುಗಿಯಬೇಕಿತ್ತು. 1973ರಲ್ಲಿ ಮಿನ್ನೆಸೋಟ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಒದಗಿಸಲು ‘ಮೆಕ್’ ಎಂಬ ಸಂಸ್ಥೆಯನ್ನು ಆರಂಭಿಸಿತು. ಮರುವರ್ಷ ಅಲ್ಲಿ ಕೆಲಸಕ್ಕೆ ಸೇರಿದ ರಾವಿಚ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯಲ್ಲಿ ಆ ಹಳೆಯ ಕಾಗದವನ್ನು ಬಿಚ್ಚಿಟ್ಟುಕೊಂಡು ನೂರಾರು ಸಾಲುಗಳನ್ನು ಮತ್ತೆ ಒಂದೊಂದಾಗಿ ಯಂತ್ರಕ್ಕೆ ಊಡಿದರು.

ಆದರೆ ಅವರು ಮಾಡಿದ ದೊಡ್ಡ ಕೆಲಸ ಬೆರಳಚ್ಚಿನದಲ್ಲ. ಆ ಹಾದಿಯಲ್ಲಿ ನಿಜವಾಗಿ ನಡೆದವರ ದಿನಚರಿಗಳನ್ನು ಹುಡುಕಿ ಓದಿ, ಯಾವ ಕಷ್ಟ ಎಷ್ಟು ಸಲ ಬಂತು, ಎಲ್ಲಿ ಬಂತು ಎಂದು ಎಣಿಸಿದರು. ಮೊದಲ ಸಲ ಅಂದಾಜಿನಿಂದ ಇಟ್ಟಿದ್ದ ಸಂಖ್ಯೆಗಳನ್ನು ಈ ಎಣಿಕೆಗೆ ಹೊಂದಿಸಿದರು. 1978ರಲ್ಲಿ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಪತ್ರಿಕೆ ಇಡೀ ಪ್ರೋಗ್ರಾಮನ್ನು ಅಚ್ಚು ಮಾಡಿತು. ಅದರಲ್ಲಿ ನೋಡಬಹುದು: ಪ್ರತಿ ಸುತ್ತಿನಲ್ಲೂ ಯಂತ್ರ ತನ್ನೊಳಗೇ ನೂರು ಮುಖದ ದಾಳವೊಂದನ್ನು ಉರುಳಿಸುತ್ತದೆ. ಆರರೊಳಗೆ ಬಿದ್ದರೆ ಬಂಡಿ ಮುರಿಯುತ್ತದೆ. ಮುಂದಿನ ಸಂಖ್ಯೆಗಳಿಗೆ ಎತ್ತಿನ ಕಾಲು, ಕೆಟ್ಟ ನೀರು, ಜಡಿಮಳೆ, ಮಂಜು, ಹಾವು ಹೀಗೆ ಒಂದೊಂದು ಗಂಡಾಂತರ. ತೊಂಬತ್ತೈದು ದಾಟಿದರೆ ಮಾತ್ರ ಮೂಲನಿವಾಸಿಗಳು ಬಂದು ಆಹಾರ ಸಿಗುವ ಜಾಗ ತೋರಿಸುತ್ತಾರೆ. ಸಿನಿಮಾಗಳಲ್ಲಿ ಕಿರುಚುತ್ತಾ ಬಾಣ ಬಿಡುವುದಷ್ಟೇ ‘ಇಂಡಿಯನ್ನರ’ ಕೆಲಸವಾಗಿದ್ದ ಕಾಲ ಅದು. ನೆರವಿಗೆ ಬಂದವರೂ ಇದ್ದರೆಂದು ದಿನಚರಿಗಳೇ ರಾವಿಚ್‌ಗೆ ಹೇಳಿದ್ದವು.

ಯಾರದೋ ಅಜ್ಜಿ ಬಂಡಿಯ ನೆರಳಿನಲ್ಲಿ ಕುಳಿತು ಗೀಚಿದ ದುಃಖ ಹೀಗೆ ನೂರಕ್ಕೆ ಎರಡು, ನೂರಕ್ಕೆ ಐದು ಎಂಬ ಅಂಕಿಯಾಯಿತು. ಆ ಅಂಕಿ ನೂರಮೂವತ್ತು ವರ್ಷದ ಮೇಲೆ ಮತ್ತೊಂದು ಮಗುವಿನ ಕಣ್ಣಲ್ಲಿ ನೀರು ತರಿಸಿತು. ಅಂದಹಾಗೆ, ಇಷ್ಟೆಲ್ಲ ಜನಪ್ರಿಯವಾದ ಆಟದಿಂದ ಅದನ್ನು ಬರೆದ ಆ ಮೂವರಿಗೆ ಹಕ್ಕಿನ ಹಣವೇನೂ ಬರಲಿಲ್ಲ.

ಆಟ ಇಡೀ ದೇಶಕ್ಕೆ ಹಬ್ಬಿದ್ದು ಆಪಲ್ ಕಂಪ್ಯೂಟರುಗಳ ಜೊತೆ. 1985ರಲ್ಲಿ ಫಿಲಿಪ್ ಬುಶಾರ್ಡ್ ಎಂಬವರ ನೇತೃತ್ವದಲ್ಲಿ ಮೆಕ್ ಸಂಸ್ಥೆ ಅದನ್ನು ಹೊಸದಾಗಿ ರೂಪಿಸಿತು. ಬ್ಯಾಂಕರ್-ಬಡಗಿ-ರೈತರು, ನದಿ ದಾಟುವ ಆಯ್ಕೆಗಳು ಬಂದದ್ದು ಆಗ. ತಂಡದವರಿಗೆ ಹೆಸರಿಡುವ ಅವಕಾಶವೂ ಬಂತು. ಮಕ್ಕಳು ಗೆಳೆಯರ ಹೆಸರನ್ನೂ ಕಂಡರಾಗದ ಮೇಷ್ಟ್ರ ಹೆಸರನ್ನೂ ಇಟ್ಟು ಬಂಡಿ ಹತ್ತಿಸಿದರು. ಮೇಷ್ಟ್ರಿಗೆ ಕಾಲರಾ ಬಂದಾಗ ತರಗತಿಯಲ್ಲಿ ಎಂಥ ಸಂಭ್ರಮ ಇದ್ದಿರಬೇಕು, ಊಹಿಸಿಕೊಳ್ಳಿ. ಇನ್ನೊಂದು ಹೊಸತೆಂದರೆ ಗೋರಿಕಲ್ಲು. ಯಜಮಾನ ಸತ್ತರೆ ಅವನ ಗೋರಿಯ ಮೇಲೆ ಆಟಗಾರರೇ ಒಂದು ಸಾಲು ಬರೆಯಬಹುದಿತ್ತು. ಅದು ಫ್ಲಾಪಿ ತಟ್ಟೆಯಲ್ಲಿ ಉಳಿಯುತ್ತಿತ್ತು. ಶಾಲೆಯಲ್ಲಿ ಒಂದೇ ತಟ್ಟೆಯನ್ನು ಹತ್ತಾರು ಮಕ್ಕಳು ಬಳಸುತ್ತಿದ್ದರಿಂದ, ಮುಂದೆ ಆ ದಾರಿಯಲ್ಲಿ ಬಂದವರಿಗೆ ಹಿಂದಿನವರ ಗೋರಿ ಎದುರಾಗುತ್ತಿತ್ತು. ಹೆಚ್ಚಿನವು ಪೋಲಿ ಮಾತುಗಳೇ ಆಗಿದ್ದವೆನ್ನಿ. ಆದರೂ ತನಗಿಂತ ಮುಂಚೆ ಈ ಹಾದಿಯಲ್ಲಿ ಬೇರೆಯವರು ನಡೆದು ಸತ್ತಿದ್ದಾರೆ ಎಂಬ ಅರಿವನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಮೂಡಿಸಿದ ಪಠ್ಯಪುಸ್ತಕ ಇರಲಾರದು.

ನಿಜವಾದ ಹಾದಿ ಹೇಗಿತ್ತು? 1843ರಲ್ಲಿ ಸುಮಾರು ಸಾವಿರ ಜನರ ದೊಡ್ಡ ತಂಡ ಹೊರಟಲ್ಲಿಂದ 1869ರಲ್ಲಿ ಖಂಡದ ಆಚೀಚೆ ತುದಿಗಳನ್ನು ರೈಲು ಜೋಡಿಸುವವರೆಗೆ, ಓರೆಗಾನ್, ಕ್ಯಾಲಿಫೋರ್ನಿಯ, ಯೂಟಾಗಳತ್ತ ಹೊರಟ ಸುಮಾರು ಮೂರರಿಂದ ನಾಲ್ಕು ಲಕ್ಷ ಜನ ಈ ಹಾದಿ ಮತ್ತು ಅದರ ಕವಲುಗಳಲ್ಲಿ ನಡೆದರು ಎಂಬ ಅಂದಾಜಿದೆ. ನಡೆದರು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬಂಡಿಯ ತೊಟ್ಟಿ ನಾಲ್ಕಡಿ ಅಗಲ, ಹತ್ತಡಿ ಉದ್ದ. ಅದರಲ್ಲಿ ಸಾಮಾನಿಗೆ ಜಾಗ, ಮನುಷ್ಯರಿಗಿಲ್ಲ. ಎತ್ತುಗಳ ಭಾರ ತಗ್ಗಿಸಲು ಹೆಂಗಸರು ಮಕ್ಕಳೆಲ್ಲ ದಿನಕ್ಕೆ ಹನ್ನೆರಡು ಹದಿನೈದು ಮೈಲಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು. ಹೀಗೆ ನಾಲ್ಕರಿಂದ ಆರು ತಿಂಗಳು. ಕುದುರೆಗಿಂತ ಎತ್ತೇ ಮೇಲು ಎಂಬುದು ಅನುಭವಸ್ಥರ ಮಾತಾಗಿತ್ತು: ಬೆಲೆ ಕಡಿಮೆ, ದಾರಿಬದಿಯ ಹುಲ್ಲೇ ಸಾಕು, ನಿಧಾನವಾದರೂ ಗಟ್ಟಿ. ಇದನ್ನು ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ.

1845ರ ಒಂದು ದಾರಿ ಕೈಪಿಡಿ ತಲೆಗೆ 200 ಪೌಂಡ್ ಹಿಟ್ಟು, 150 ಪೌಂಡ್ ಉಪ್ಪುಹಾಕಿದ ಹಂದಿಮಾಂಸ, 20 ಪೌಂಡ್ ಸಕ್ಕರೆ, 10 ಪೌಂಡ್ ಕಾಫಿ ಒಯ್ಯಬೇಕೆಂದಿತ್ತು. ಮರವೇ ಇಲ್ಲದ ಬಯಲಿನಲ್ಲಿ ಒಲೆಗೆ ಸೌದೆಯೆಲ್ಲಿ? ಒಣಗಿ ಬಿದ್ದ ಕಾಡೆಮ್ಮೆಯ ಸಗಣಿಯನ್ನು ಹೆಂಗಸರು ಮಡಿಲಲ್ಲಿ ಆರಿಸಿ ತರುತ್ತಿದ್ದರು. ಮೊದಲ ದಿನ ಮೂಗು ಮುಚ್ಚಿಕೊಂಡವರು ವಾರದೊಳಗೆ ಒಗ್ಗಿಕೊಂಡರಂತೆ. ಬೆರಣಿಯ ಉರಿ ಕಂಡ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಬೆಳಿಗ್ಗೆ ಹಾಲು ತುಂಬಿದ ಪಾತ್ರೆಯನ್ನು ಬಂಡಿಗೆ ತೂಗುಹಾಕಿದರೆ ಕುಲುಕಾಟಕ್ಕೇ ಸಂಜೆಗೆ ಬೆಣ್ಣೆ ಬಂದಿರುತ್ತಿತ್ತು.

ಸಾವಿನ ವಿಚಾರದಲ್ಲಿ ಆಟ ಸುಳ್ಳು ಹೇಳಲಿಲ್ಲ. ಅತಿ ಹೆಚ್ಚು ಜನರನ್ನು ಕೊಂದದ್ದು ರೋಗ, ಅದರಲ್ಲೂ 1849ರಿಂದ ಕೆಲವು ವರ್ಷ ಕಾಡಿದ ಕಾಲರಾ. ನಂತರ ನದಿಯಲ್ಲಿ ಮುಳುಗಿದವರು, ಗಾಲಿಯಡಿ ಸಿಕ್ಕವರು, ತಮ್ಮದೇ ಬಂದೂಕು ಸಿಡಿದು ಸತ್ತವರು. ಇತಿಹಾಸಕಾರ ಜಾನ್ ಅನ್ರು 1979ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿದಂತೆ, 1840ರಿಂದ 1860ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತ ವಲಸಿಗರು 362. ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು 426. ಹಾಲಿವುಡ್ಡಿನ ಬಂಡಿಕಾಳಗಗಳನ್ನು ನೋಡಿದವರು ಈ ಎರಡು ಅಂಕಿಗಳನ್ನು ಮತ್ತೊಮ್ಮೆ ಓದಬೇಕು.

ಒಂದು ಕುಟುಂಬದ ಕಥೆ ಹೇಳುತ್ತೇನೆ. 1844ರಲ್ಲಿ ಹೆನ್ರಿ ಮತ್ತು ನವೋಮಿ ಸೇಗರ್ ದಂಪತಿ ಆರು ಮಕ್ಕಳೊಂದಿಗೆ ಮಿಸ್ಸೌರಿಯಿಂದ ಹೊರಟರು. ಏಳನೆಯ ಮಗು ಹುಟ್ಟಿದ್ದೇ ದಾರಿಯಲ್ಲಿ. ಲಾರಮಿ ಕೋಟೆ ಇನ್ನೇನು ಹತ್ತಿರವಾಗಿದ್ದಾಗ ಒಂಬತ್ತು ವರ್ಷದ ಕ್ಯಾಥರೀನ್ ಚಲಿಸುತ್ತಿದ್ದ ಬಂಡಿಯಿಂದ ನೆಗೆಯಲು ಹೋದಳು. ಲಂಗ ಕೊಡಲಿಯ ಹಿಡಿಗೆ ಸಿಕ್ಕಿಕೊಂಡಿತು. ಗಾಲಿ ಅವಳ ಕಾಲ ಮೇಲೆ ಹರಿಯಿತು. ಮುಂದೆ ಗ್ರೀನ್ ನದಿಯ ದಡದಲ್ಲಿ ತಂದೆ ಜ್ವರದಿಂದ ಸತ್ತ. ಒಂದು ತಿಂಗಳು ಕಳೆಯುವ ಮೊದಲೇ ತಾಯಿಯೂ ಹೋದಳು. ಅನಾಥರಾದ ಏಳು ಮಕ್ಕಳನ್ನು ಜೊತೆಯ ಬಂಡಿಗಳವರು ಓರೆಗಾನ್ ಸೀಮೆಯಲ್ಲಿದ್ದ ವೈದ್ಯ-ಮಿಷನರಿ ಮಾರ್ಕಸ್ ವಿಟ್‌ಮನ್ ದಂಪತಿಯ ಆಶ್ರಯಕ್ಕೆ ತಲುಪಿಸಿದರು. ಕ್ಯಾಥರೀನ್ ದೊಡ್ಡವಳಾದ ಮೇಲೆ ಇದನ್ನೆಲ್ಲ ಬರೆದಿಟ್ಟಳು. ಆಟದ ಪ್ರತಿಯೊಂದು ಗಂಡಾಂತರವೂ ಈ ಒಂದು ಬಂಡಿಯ ಮೇಲೆ ಬಿದ್ದಂತಿದೆ.

ಆಟವಾದರೆ ಇಲ್ಲಿಗೆ ಮುಗಿಯುತ್ತದೆ. ಊರು ಮುಟ್ಟಿದಿರಿ, ಬದುಕಿ ಉಳಿದವರಿಗಿಷ್ಟು, ಉಳಿದ ಎತ್ತಿಗಿಷ್ಟು ಎಂದು ಅಂಕ. ಸೇಗರ್ ಮಕ್ಕಳ ಕಥೆ ಹಾಗೆ ಮುಗಿಯಲಿಲ್ಲ. ವಿಟ್‌ಮನ್ ಅವರ ಆಶ್ರಮವಿದ್ದದ್ದು ಕಯೂಸ್ ಜನರ ನೆಲದಲ್ಲಿ. ವರ್ಷವರ್ಷವೂ ಹೆಚ್ಚು ಹೆಚ್ಚು ಬಂಡಿಗಳು ಬಂದು ಅಲ್ಲಿ ತಂಗುತ್ತಿದ್ದವು. 1847ರಲ್ಲಿ ಆ ಸೀಮೆಗೆ ದಡಾರ ಬಂತು. ಅದು ಮೊದಲು ದಕ್ಷಿಣದ ಕ್ಯಾಲಿಫೋರ್ನಿಯದಿಂದ ಬಂತೋ ಬಂಡಿಗಳ ಜೊತೆ ಬಂತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ವರ್ಷದ ಬಂಡಿಗಳಲ್ಲೂ ದಡಾರ ಇದ್ದದ್ದು ನಿಜ. ಆ ರೋಗವನ್ನೇ ಕಂಡಿರದ ಕಯೂಸರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ವಿಟ್‌ಮನ್ ಮದ್ದು ಕೊಟ್ಟ ಬಿಳಿಯ ಮಕ್ಕಳು ಹೆಚ್ಚಾಗಿ ಬದುಕಿದರು, ಕಯೂಸ್ ಮಕ್ಕಳು ಸತ್ತರು. ವೈದ್ಯ ವಿಷವಿಕ್ಕುತ್ತಿದ್ದಾನೆ ಎಂಬ ಗುಮಾನಿ ಹಬ್ಬಿತು. ನವೆಂಬರ್ 29ರಂದು ಆಶ್ರಮದ ಮೇಲೆ ದಾಳಿ ನಡೆದು ವಿಟ್‌ಮನ್ ದಂಪತಿಯೂ ಹಲವರೂ ಹತರಾದರು. ಸತ್ತವರಲ್ಲಿ ಸೇಗರ್ ಕುಟುಂಬದ ಹಿರಿಯ ಹುಡುಗರಿಬ್ಬರೂ ಇದ್ದರು. ಪುಟ್ಟ ತಂಗಿ ಲೂಯಿಸ್ ಸೆರೆಯಲ್ಲಿರುವಾಗ ದಡಾರದಿಂದಲೇ ತೀರಿಕೊಂಡಳು. 1850ರಲ್ಲಿ ಐವರು ಕಯೂಸರನ್ನು ಓರೆಗಾನ್ ಸಿಟಿಯಲ್ಲಿ ಗಲ್ಲಿಗೇರಿಸಲಾಯಿತು.

ಪತ್ರಿಕೆಯಲ್ಲಿ ಅಚ್ಚಾದ ಆ ಪ್ರೋಗ್ರಾಮಿನಲ್ಲಿ ಪ್ರಯಾಣ ಹೊರಡುವ ವರ್ಷವೂ 1847. ಹೋಗಿ ಸೇರುವ ಊರೂ ಓರೆಗಾನ್ ಸಿಟಿಯೇ. 1985ರ ಆಟದಲ್ಲಿ ದಡಾರವೂ ಇದೆ, ಆದರೆ ಅದು ಬರುವುದು ಬಂಡಿಯೊಳಗಿನವರಿಗೆ ಮಾತ್ರ. ಬಂಡಿಯ ಮೂಕಿಯ ಮೇಲೆ ಕುಳಿತವರಿಗೆ ಮುಂದಿನ ದಾರಿ ಕಾಣುತ್ತದೆ, ಆಚೀಚೆ ಏನಾಗುತ್ತಿದೆಯೆಂಬುದು ಕಾಣುವುದಿಲ್ಲ. ಎತ್ತುಗಳು ಪ್ಲಾಟ್ ನದಿಯ ದಡದ ಹುಲ್ಲನ್ನೆಲ್ಲ ಮೇಯುತ್ತಿದ್ದಂತೆ ಆ ಹುಲ್ಲನ್ನು ನಂಬಿದ್ದ ಕಾಡೆಮ್ಮೆ ಹಿಂಡುಗಳೂ, ಅವನ್ನು ನಂಬಿದ್ದ ಲಕೋಟ, ಶೈಯನ್ ಜನರೂ ಇಕ್ಕಟ್ಟಿಗೆ ಸಿಕ್ಕರು. 1851ರ ಲಾರಮಿ ಒಪ್ಪಂದದಲ್ಲಿ ಇದಕ್ಕೆ ಪರಿಹಾರವೆಂದು ವರ್ಷಕ್ಕೆ 50,000 ಡಾಲರಿನಂತೆ ಐವತ್ತು ವರ್ಷ ಕೊಡುವ ಮಾತಾಗಿತ್ತು. ಅಮೆರಿಕದ ಸೆನೆಟ್ ಆ ಐವತ್ತನ್ನು ಹತ್ತಕ್ಕೆ ಇಳಿಸಿತು. ಹಾದಿಯ ಕೊನೆಯಲ್ಲಿ ಕಾದಿದ್ದ ಬಹುಮಾನವೂ ಎಲ್ಲರಿಗಲ್ಲ. 1850ರ ಭೂಕಾಯಿದೆ ಒಬ್ಬ ಬಿಳಿಯ ಗಂಡಸಿಗೆ 320 ಎಕರೆ, ದಂಪತಿಗೆ 640 ಎಕರೆ ಉಚಿತವಾಗಿ ಕೊಟ್ಟಿತು. ಕಪ್ಪು ಜನ ಅಲ್ಲಿ ನೆಲೆಸುವುದನ್ನು 1844ರ ಕಾನೂನೇ ನಿಷೇಧಿಸಿತ್ತು. ಅದೇ ವರ್ಷ ಆ ಹಾದಿಯಲ್ಲಿ ಬಂದ ಜಾರ್ಜ್ ಬುಶ್ ಎಂಬ ಕಪ್ಪುವರ್ಣದ ಅನುಕೂಲಸ್ಥ ರೈತ ಈ ಕಾರಣಕ್ಕೇ ಕೊಲಂಬಿಯ ನದಿ ದಾಟಿ ಉತ್ತರಕ್ಕೆ ಹೋಗಿ ನೆಲೆಸಬೇಕಾಯಿತು.

ಬಂಡಿ ಬಿಟ್ಟು ಬೇರೆಯವರ ಹೆಜ್ಜೆ ಹಿಡಿಯಲು ಮೆಕ್ ಸಂಸ್ಥೆಯೇ ಒಮ್ಮೆ ಪ್ರಯತ್ನಿಸಿತು. 1992ರಲ್ಲಿ ಅದು ತಂದ ‘ಫ್ರೀಡಂ’ ಎಂಬ ಆಟದಲ್ಲಿ, ದಕ್ಷಿಣದ ತೋಟದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡುವ ಗುಲಾಮನ ಪಾತ್ರ ಆಟಗಾರನದು. ಆಶಯ ಒಳ್ಳೆಯದೇ. ಆದರೆ ತರಗತಿಯಲ್ಲಿ ಕಪ್ಪು ಮಕ್ಕಳು ಸಹಪಾಠಿಗಳ ಎದುರು ಅದನ್ನು ಆಡಬೇಕಾದಾಗ ಆದ ಮುಜುಗರಕ್ಕೆ ಪೋಷಕರು ಸಿಡಿದೆದ್ದರು. ಮರುವರ್ಷ ಸಂಸ್ಥೆ ಆಟವನ್ನು ಹಿಂತೆಗೆದುಕೊಂಡಿತು. ದುಃಖದ ಪ್ರಯಾಣಗಳೆರಡೂ ನಿಜವೇ. ತಾನಾಗಿ ಹೊರಟವನ ಪ್ರಯಾಣವನ್ನು ಆಟವಾಗಿಸಿದಷ್ಟು ಸಲೀಸಾಗಿ, ಬೆನ್ನಟ್ಟಿಸಿಕೊಂಡವನ ಓಟವನ್ನು ಆಟವಾಗಿಸಲು ಆಗಲಿಲ್ಲ.

ಓರೆಗಾನ್ ಆಟ ಮಾತ್ರ ಸಾಯಲಿಲ್ಲ. ನಾನಾ ರೂಪಗಳಲ್ಲಿ ಆರೂವರೆ ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬ ಲೆಕ್ಕವಿದೆ. 2016ರಲ್ಲಿ ಅದಕ್ಕೆ ವಿಡಿಯೊ ಆಟಗಳ ವಿಶ್ವ ಗೌರವಶಾಲೆಯಲ್ಲಿ ಸ್ಥಾನ ಸಿಕ್ಕಿತು. 2021ರಲ್ಲಿ ಗೇಮ್‌ಲಾಫ್ಟ್ ಕಂಪನಿ ಹೊಸ ಆವೃತ್ತಿ ತಂದಾಗ ಮೂಲನಿವಾಸಿ ಸಮುದಾಯಗಳ ಇತಿಹಾಸಕಾರರನ್ನು ಕೂರಿಸಿಕೊಂಡು ಅವರ ಪಾತ್ರಗಳನ್ನು, ಮಾತನ್ನು ತಿದ್ದಿಸಿತು. ಅದಕ್ಕೂ ಮುಂಚೆ, 2019ರಲ್ಲಿ, ‘ನದಿಗಳೇ ಹಾದಿಗಳಾಗಿದ್ದಾಗ’ ಎಂಬ ಅರ್ಥದ ಹೆಸರಿನ ಇನ್ನೊಂದು ಆಟ ಬಂದಿತ್ತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಎಲಿಜಬೆತ್ ಲಪೆನ್ಸಿ ಸ್ವತಃ ಅನಿಶಿನಾಬೆ ಮೂಲದವರು. ಅಲ್ಲಿಯೂ ದಾರಿಯಿದೆ, ಊಟದ ಲೆಕ್ಕವಿದೆ, ಔಷಧಿಯ ಲೆಕ್ಕವಿದೆ, ಪಶ್ಚಿಮದ ಕ್ಯಾಲಿಫೋರ್ನಿಯದವರೆಗೂ ಪ್ರಯಾಣವಿದೆ. ಕಾಲ 1890ರ ದಶಕ. ಸರ್ಕಾರ ನೆಲವನ್ನು ತುಂಡು ಮಾಡಿ ಹಂಚಿದಾಗ ಇದ್ದ ಜಾಗ ಕಳೆದುಕೊಂಡ ಅನಿಶಿನಾಬೆ ವ್ಯಕ್ತಿಯೊಬ್ಬ ಅದರ ಪ್ರಯಾಣಿಕ. ಅವನು ಹೊರಡುವುದು ಮಿನ್ನೆಸೋಟದಿಂದ, ಮೂವರು ಮೇಷ್ಟ್ರುಗಳು ಟೆಲಿಪ್ರಿಂಟರಿನ ಮುಂದೆ ಕುಳಿತಿದ್ದ ಅದೇ ರಾಜ್ಯದಿಂದ.